ಕನ್ನಡಕದ ಮೇಲೊಂದು ಡಬ್ಬಿ

ಆಂಧ್ರದ ಗಡಿಯ ನಮ್ಮ ರಾಯದುರ್ಗದಲ್ಲಿ ಜೀನ್ಸ್ ಹೊಲಿಯುವ ಹೆಂಗಸರ ಕನ್ನಡಕ ನೋಡಿದರೆ ನಿಮಗೆ ನಗು ಬರುತ್ತದೆ. ನನ್ನದಂತೂ ಕೇಳಲೇಬೇಡಿ. ಬಗ್ಗಿದಾಗ ಜಾರಿ ಮಷಿನ್ನಿಗೆ ಬೀಳಬಾರದೆಂದು ಎರಡು ಕಡ್ಡಿಗೂ ಎಲಾಸ್ಟಿಕ್ ಕಟ್ಟಿ ತಲೆಯ ಹಿಂದೆ ಬಿಗಿದಿರುತ್ತೇನೆ. ಎಡಗಡೆ ಮೂಲೆಯ ಸ್ಕ್ರೂ ಎಲ್ಲೋ ಬಿದ್ದುಹೋಗಿತ್ತು, ಅಲ್ಲಿಗೆ ಮುರಿದ ಸೂಜಿಯ ತುಂಡು ಸಿಕ್ಕಿಸಿ ಬಗ್ಗಿಸಿದ್ದೆ. ನಮ್ಮಲ್ಲಿ ಎಲ್ಲರೂ ಹಾಗೇ ಮಾಡುತ್ತೇವೆ. ಸ್ಕ್ರೂ ಹಾಕಿಸಲು ಅಂಗಡಿಗೆ ಹೋಗುವ ಪುರುಸೊತ್ತು ಯಾರಿಗಿದೆ? "ಏನ್ರೀ, ಕುದುರಿಗೆ ಕಟ್ಟಿದಂಗ ಕಟ್ಕಂಡೀರಲ್ರಿ!" ಅಂತ ಓಣಿಯವರು ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ. ಕಪ್ಪುನೀಲಿ ಬಟ್ಟೆಯ ಮೇಲೆ ಕಪ್ಪುನೀಲಿ ದಾರ ಓಡಿಸಿ ಓಡಿಸಿ ಇಪ್ಪತ್ತು ವರ್ಷದಲ್ಲಿ ಕಣ್ಣು ಕಳೆದುಕೊಂಡವಳು ನಾನು, ಅವರಲ್ಲ.

ನನ್ನ ತವರು ಮಡಕಶಿರಾ ಕಡೆ, ಗುಡಿಬಂಡೆ ಹತ್ತಿರದ ಹಳ್ಳಿ. ಅಲ್ಲಿ ನನ್ನ ತಂಗಿ ಇದ್ದಾಳೆ. ಗಂಡ ತೀರಿಕೊಂಡ ಮೇಲೆ ಅವರಿವರ ಕಡಲೆಕಾಯಿ ಹೊಲದಲ್ಲಿ ಕೂಲಿ, ಬಿಡುವಾದಾಗ ಮನೆಯಲ್ಲಿ ಜಾಕೀಟು, ಅಂದರೆ ರವಿಕೆ, ಹೊಲಿಯುವುದು. ಹೊಲಿಗೆ ಕಲಿಸಿದ್ದು ನಾನೇ, ಆದರೆ ಅವಳ ಕೈ ನನಗಿಂತ ಚೆಂದ. ಹೋದ ವರ್ಷ ಮಡಕಶಿರಾದಲ್ಲಿ ಹೊಸ ಗಾರ್ಮೆಂಟ್ ಕಂಪನಿಯವರು ಹೆಂಗಸರನ್ನು ಆರಿಸುತ್ತಾರೆಂದು ಸುದ್ದಿ ಬಂತು. ಅವಳು ಫೋನಿನಲ್ಲಿ, "ಅಕ್ಕ, ಇದೊಂದು ಸಿಕ್ಕಿಬಿಟ್ರೆ ಇನ್ನು ಬಿಸಿಲಲ್ಲಿ ಕಳೆ ಕೀಳೋದು ತಪ್ತದೆ ಕಣಕ್ಕ, ನೀನೂ ಬಾ" ಅಂದಳು. ಆ ದನಿಯಲ್ಲಿ ಅಷ್ಟು ಆಸೆ ಕೇಳಿ ಎಷ್ಟೋ ವರ್ಷವಾಗಿತ್ತು. ಹೊರಟುಬಿಟ್ಟೆ.

ಗುಡಿಬಂಡೆಯ ಆಟೋ ಜನ ತುಂಬುವವರೆಗೂ ಅಲ್ಲಾಡಲಿಲ್ಲ. ನಾವು ಮುಟ್ಟುವಷ್ಟರಲ್ಲಿ ಸಾಲು ಕರಗಿತ್ತು. ಕೊನೆಯಲ್ಲಿ ನಾವಿಬ್ಬರೇ. ನೋಡಿದರೆ ಅಲ್ಲಿ ಮಷಿನ್ನೂ ಇಲ್ಲ, ಬಟ್ಟೆಯೂ ಇಲ್ಲ! ಒಂದು ಕುರ್ಚಿ, ಒಬ್ಬ ಮೇಡಂ, ಮುಖಕ್ಕೆ ಕಟ್ಟಿಕೊಳ್ಳುವ ಒಂದು ಡಬ್ಬಿ. ವಿಆರ್ ಹೆಡ್‌ಸೆಟ್ಟಂತೆ. ಹಾಕಿಕೊಂಡರೆ ಕಣ್ಣೆದುರು ಮಷಿನ್ ಕಾಣುತ್ತದೆ, ಕೈಯಲ್ಲಿ ಎರಡು ಹಿಡಿಕೆ ಹಿಡಿದು ಗೀಟಿನ ಮೇಲೆ ಹೊಲಿಯುತ್ತಾ ಹೋಗಬೇಕು. ತಪ್ಪು ಎಷ್ಟೆಂದು ಅದೇ ಹೇಳುತ್ತದೆ. ಎತ್ತಿನ ಬಾಯಿಕುಕ್ಕೆಯನ್ನು ಕಣ್ಣಿಗೆ ಕಟ್ಟಿದ ಹಾಗಿತ್ತು ನೋಡೋಕೆ.

ತಂಗಿ ಬೆವೆತುಹೋದಳು. "ಯಾಕ ಹೆದರ್ತೀಯೆ? ನಾನು ಮೊದಲು ಕೂತ್ಕೊಂಡು ನೋಡ್ತೀನಿ, ಆಮೇಲೆ ನಿಂಗೆ ಹೇಳ್ಕೊಡ್ತೀನಿ" ಅಂದು ನಾನೇ ಮುಂದೆ ನುಗ್ಗಿದೆ. ಕೆಲಸ ಬೇಕಿದ್ದದ್ದು ಅವಳಿಗೆ. ಅವಳನ್ನು ಮೊದಲು ಕೂರಿಸಿದ್ದರೆ ನನ್ನ ಗಂಟೇನು ಹೋಗುತ್ತಿತ್ತು? ಅಕ್ಕ ಅನ್ನೋ ಜಂಬ.

ಡಬ್ಬಿಯೊಳಗೆ ನನ್ನ ಕನ್ನಡಕ ಹಿಡಿಸಲಿಲ್ಲ. ಮೇಡಂ ತೆಲುಗಿನಲ್ಲಿ, "ಕಳ್ಳಜೋಡು ತೀಸೇಯಂಡಿ ಅಕ್ಕಾ", ಕನ್ನಡಕ ತೆಗೆಯಿರಿ ಅಂದರು. ತೆಗೆದೆ. ಮಷಿನ್ ಎಲ್ಲಿ, ಸೂಜಿ ಎಲ್ಲಿ? ಕಲಸಿದ ಮುದ್ದೆ ಕಂಡ ಹಾಗೆ ಕಂಡಿತು. ಅಷ್ಟರಲ್ಲಿ ಫೋನ್ ಬಂದು ಮೇಡಂ ಬಾಗಿಲ ಹೊರಗೆ ಹೋದರು.

ಬಿಗಿಯಾದದ್ದನ್ನು ಕಂಡರೆ ಬಿಚ್ಚಿ ಸಡಿಲ ಮಾಡುವುದು ನಮ್ಮ ಕೈಗೆ ಹತ್ತಿದ ರೋಗ. ಎಷ್ಟು ಜನರ ಸೊಂಟಪಟ್ಟಿ ಬಿಚ್ಚಿಲ್ಲ ನಾನು! ಡಬ್ಬಿಯ ಒಳಗೆ ಮುಖಕ್ಕೆ ತಾಗುವ ಸ್ಪಂಜಿನ ಪಟ್ಟಿ ಇತ್ತು. ಅಂಚು ಹಿಡಿದು ಎಳೆದೆ, ಚರ್ ಅಂತ ಕಿತ್ತು ಬಂತು. ಜಾಗವಾಯಿತು. ಕನ್ನಡಕದ ಸಮೇತ ಮುಖ ತೂರಿಸಿ ಪಟ್ಟಿ ಎಳೆದು ಬಿಗಿದೆ. ಸೂಜಿ ಕಾಣಿಸಿತು, ಗೀಟೂ ಕಾಣಿಸಿತು. ಆದರೆ ಒಂದಕ್ಕೆ ಎರಡು. ಸರಿಹೋಗಲೆಂದು ಡಬ್ಬಿಯನ್ನು ಆ ಕಡೆ ಈ ಕಡೆ, ಮೇಲೆ ಕೆಳಗೆ ಹೊರಳಿಸಿದೆ. ಎಡಗಡೆ ಕಿರ್ ಕಿರ್ ಅಂದದ್ದು ಕೇಳಿಸಿತು. ಕೇಳಿಸಿಯೂ ನಿಲ್ಲಿಸಲಿಲ್ಲ. ಗೀಟು ಬಿಟ್ಟು ಎಲ್ಲೆಲ್ಲೋ ಹೊಲಿದು ಮುಗಿಸಿದೆ. ತೆಗೆದು ನೋಡಿದರೆ, ಅಯ್ಯೋ ಶಿವನೇ, ಒಳಗಿನ ಎಡಗಾಜಿನ ತುಂಬ ನನ್ನ ಕನ್ನಡಕದ ಮೂಲೆಯ ಸೂಜಿಯ ತುಂಡು ಉಜ್ಜಿ ಗಾಜು ಬೆಳ್ಳಗಾಗಿತ್ತು.

ಆಗ ಬಾಯಿ ಬಿಡಬೇಕಿತ್ತು. ಮೇಡಮ್ಮಿನ ಚಪ್ಪಲಿ ಸದ್ದಾಯಿತು. ನಾನು ಸ್ಪಂಜನ್ನು ಮೊದಲಿದ್ದ ಹಾಗೆ ಅಂಟಿಸಿ, ಕೈಕಟ್ಟಿ ಕೂತೆ. ಮೇಡಂ ತಪ್ಪಿನ ಲೆಕ್ಕ ನೋಡಿ, ನಾನು ಫೇಲು ಅಂದರು. ಡಬ್ಬಿಯ ಹೊರಗನ್ನು ಬಟ್ಟೆಯಲ್ಲಿ ಒರೆಸಿ ತಂಗಿಗೆ ಹಾಕಿದರು.

ಅವಳು ಕೂತ ಠೀವಿ ನನಗಿನ್ನೂ ನೆನಪಿದೆ. ಬೆನ್ನು ನೇರ, ಕಾಲು ಪೆಡಲಿನ ಮೇಲಿಟ್ಟಂತೆ. ಒಂದು ಗಳಿಗೆ ಕೈ ಓಡಿತು. ಆಮೇಲೆ ತಡವರಿಸಿತು. "ಮೇಡಂ, ಎಡಗಣ್ಣಿಗೆ ಮಂಜು ಕವಿದಂಗೈತೆ" ಅಂದಳು. ಬೆಳಗಿನಿಂದ ಯಾರೂ ಹಾಗೆ ಹೇಳಿರಲಿಲ್ಲವಲ್ಲ, ಮೇಡಂ ಗಾಜು ನೋಡಲಿಲ್ಲ. ಅವಳಿಗೂ ಫೇಲು ಬರೆದು, ಕಣ್ಣು ತೋರಿಸಿಕೊಳ್ಳಿ ಅಂದು, ಸಾಮಾನು ಕಟ್ಟತೊಡಗಿದರು. ನಾನು ಅಲ್ಲೇ ನಿಂತಿದ್ದೆ, ಹೇಡಿ. ಗಾಜಿನ ದಂಡ ನನ್ನ ಮೇಲೆ ಬೀಳುತ್ತದೆಂದು ಹೆದರಿದ್ದೆ, ಅಷ್ಟೇ. ಅದಕ್ಕಿಂತ ದೊಡ್ಡ ಕಾರಣ ಇರಲಿಲ್ಲ.

ಕೆಲಸ ಹೋದದ್ದು ಹೋಯಿತು ಅಂದುಕೊಂಡಿದ್ದೆ. ಆದರೆ ನಮ್ಮಮ್ಮನಿಗೆ ಎಡಗಣ್ಣು ಮೊದಲು ಮಂಜಾಗಿ, ಆಮೇಲೆ ಎರಡೂ ಹೋಗಿದ್ದವು. ಆಟೋದಲ್ಲಿ ತಂಗಿ ಒಂದೊಂದೇ ಕಣ್ಣು ಮುಚ್ಚಿ ತೆರೆದು ನೋಡುತ್ತಿದ್ದಳು. "ಈಗ ಕಾಣ್ತೈತಲ್ಲೇ?" ಅಂದೆ. "ಅಮ್ಮಂಗೂ ಮೊದಮೊದಲು ಬಂದು ಬಂದು ಹೋಗ್ತಿತ್ತು" ಅಂದಳು. ಆಸ್ಪತ್ರೆಗೆ ಬಾ ಅಂದರೆ ಬರಲೊಲ್ಲಳು. ಡಾಕ್ಟರು ಹೌದು ಅಂದುಬಿಟ್ಟರೆ ಏನು ಮಾಡಲಿ ಅನ್ನುತ್ತಾಳೆ. ಕಣ್ಣಿಗೆ ಆಯಾಸ ಬೇಡವೆಂದು ಜಾಕೀಟು ಹೊಲಿಯುವುದನ್ನೂ ಬಿಟ್ಟಳು. ಮಷಿನ್ ಮಾರಿದಳು. ಈಗ ಪೂರ್ತಿ ಕೂಲಿಯೇ.

ಹೋದ ತಿಂಗಳು ತಡೆಯಲಾರದೆ ಹೋಗಿ ಎಲ್ಲಾ ಹೇಳಿದೆ. ಸ್ಪಂಜು ಕಿತ್ತದ್ದು, ಗಾಜು ಗೀಚಿದ್ದು, ಸುಮ್ಮನಿದ್ದದ್ದು. ಬಯ್ಯುತ್ತಾಳೆ, ಬಯ್ಯಲಿ, ಹೊಡೆದರೂ ಹೊಡೆಯಲಿ ಅಂತ ಕಾಯುತ್ತಾ ಕೂತೆ. ಅವಳು ನನ್ನ ಕೈ ಹಿಡಿದುಕೊಂಡಳು. "ನನ್ ಸಮಾಧಾನಕ್ಕೆ ಎಂಥ ಸುಳ್ಳು ಕಟ್ಟಿದೀಯಕ್ಕ, ಪಾಪ" ಅಂದಳು.

ದೇವರಾಣೆ ಅಂದೆ, ನಂಬಲಿಲ್ಲ. ಸಿಟ್ಟು ಬಂದು ರಟ್ಟೆ ಹಿಡಿದು ರಸ್ತೆಗೆ ಎಳೆದುಕೊಂಡು ಹೋದೆ. ದೂರದಲ್ಲಿ ಮಡಕಶಿರಾ ಬಸ್ಸು ಬರುತ್ತಿತ್ತು, ನನಗದು ಬರೀ ಕೆಂಪು. "ಬಲಗಣ್ಣು ಮುಚ್ಚು, ಬೋರ್ಡು ಓದು" ಅಂದೆ. ಮುಚ್ಚಿಕೊಂಡು ಓದಿದಳು. ಊರಿನ ಹೆಸರು, ಅದರ ಕೆಳಗಿನ ಸಣ್ಣ ಅಕ್ಷರ, ಒಂದೂ ಬಿಡದೆ.

"ಈಗಾದ್ರೂ ನಂಬ್ತೀಯೇನೆ?" ಅಂದೆ.

"ಇವತ್ತು ಪರವಾಗಿಲ್ಲ ಕಣಕ್ಕ" ಅಂದು ಸೆರಗಿನಿಂದ ಎಡಗಣ್ಣು ಒರೆಸಿಕೊಂಡಳು. "ಇರೋಷ್ಟು ದಿನ ಇರ್ಲಿ."