ಹೇಳುತ್ತಾ ಹೇಳುತ್ತಾ ಬೆಳೆದ ಮೀನು

ಕಳೆದ ಭಾನುವಾರ ನನ್ನದೇ ಹಳೆಯ ಅಂಕಣವೊಂದು ದಾವಣಗೆರೆಯ ನಮ್ಮ ಮನೆಗೆ ವಾಪಸ್ ಬಂತು. ಅದೂ ಲ್ಯಾಮಿನೇಷನ್ ಮಾಡಿಸಿಕೊಂಡು!

ತಂದವರು ಗಂಗವ್ವ. ಹರಿಹರದ ಕೆಳಗೆ ಹೊಳೆಯಲ್ಲಿ ಬಲೆ ಬಿಟ್ಟು ಬದುಕುವವರು.

“ಇದು ಬರ್ದಿದ್ದು ನೀವೇನ್ರಿ?”

ಹೌದೆಂದೆ, ಹೆಮ್ಮೆಯಿಂದಲೇ. (ಲ್ಯಾಮಿನೇಷನ್ ನೋಡಿದರೆ ಯಾರಿಗೆ ತಾನೇ ಹೆಮ್ಮೆಯಾಗುವುದಿಲ್ಲ?)

“ನನ್ ಹೊಟ್ಟಿ ಮ್ಯಾಲೆ ಹೊಡೆದ್ರಲ್ಲ ಸಾರ್! ಇದನ್ನ ಅರಳಿಕಟ್ಟೆಗೆ ನೇತು ಹಾಕಿದ್ರು. ಕಿತ್ಕಂಡು ಬಂದೆ.”

ನಿಮಗೆ ನೆನಪಿರಬಹುದು. ಅವರ ಊರಿನವರು ಹೊಳೆಯ ಒಂದು ಮಡುವಿನಲ್ಲಿ ಮೀನು ಹಿಡಿಯುವುದನ್ನು ನಿಲ್ಲಿಸಿ ಬೋರ್ಡು ನೆಟ್ಟಾಗ ನಾನಿಲ್ಲಿ ಗೇಲಿ ಮಾಡಿದ್ದೆ. ಮೀನಿಗೆ ಬೋರ್ಡು ಓದಲು ಬರುತ್ತದೆಯೇ? ನಾನು ಚಿಕ್ಕವನಿದ್ದಾಗ ಬೋರ್ಡೇ ಇಲ್ಲದ ಅದೇ ಮಡುವಿನಲ್ಲಿ ಆಳೆತ್ತರದ ಮೀನನ್ನು ಕಣ್ಣಾರೆ ಕಂಡಿಲ್ಲವೇ? ಹೀಗೆ. (ಎಂ.ಎಸ್ಸಿ. ಮಾಡಿದವನ ಧಾಟಿ, ಕ್ಷಮಿಸಿ.)

ಮಡುವನ್ನು ಮತ್ತೆ ಬಲೆಗೆ ಬಿಡಬೇಕು ಎನ್ನುವ ಗುಂಪಿಗೆ ಈಗ ಅದೇ ಸಾಕ್ಷಿ. ಮರುದಿನವೇ ಊರಿನ ಸಭೆ.

“ಬಿಟ್ಟರೆ ನಿಮಗೇ ಒಳ್ಳೆಯದಲ್ಲವೇ?” ಎಂದೆ.

“ಓದಿದೋರು ಹಿಂಗಂದ್ರೆ ಹೆಂಗ್ರಿ? ಮಡುವಿನಾಗೆ ಮೀನು ಬೆಳಿತೈತೆ, ಮರಿ ಮಾಡ್ತೈತೆ, ಜಾಗ ಸಾಲ್ದೆ ಕೆಳಗೆ ಬರ್ತೈತೆ. ನನ್ ಬಲೆ ಅಲ್ಲೇ ಐತೆ, ಬೋರ್ಡು ದಾಟಿ ಕೆಳಗೆ. ಮಡು ಬಿಟ್ರೆ ಒಂದು ವಾರ ಎಲ್ರಿಗೂ ಹಬ್ಬ. ಆಮ್ಯಾಲೆ ನಾನೇನ್ ಹಿಡೀಲಿ, ಕಲ್ಲಾ?”

ಸಮುದ್ರದಲ್ಲೂ ಇದೇ ಕತೆ. ಒಂದಿಷ್ಟು ನೀರನ್ನು ಮೀನಿಗೇ ಬಿಟ್ಟುಕೊಟ್ಟು ಸಂರಕ್ಷಿತ ಎಂದು ಘೋಷಿಸಿದರೆ ಮೊದಲು ಪ್ರತಿಭಟನೆ, ಆಮೇಲೆ ಗಡಿಯ ಹೊರಗೆ ದೋಣಿಗಳ ಸಾಲು. ನಾನು ಓದಿದ್ದೆ. ಬರೆಯುವಾಗ ಮಾತ್ರ ನೆನಪಾಗಲಿಲ್ಲ.

“ಅಲ್ಲ ಸಾರ್, ನೀವು ಕಂಡಿದ್ದು ಯಾವ ಮೀನು?”

ಅದರ ಬಣ್ಣವೂ ನೆನಪಾಗಲಿಲ್ಲ. ಆನಗೋಡಿನಲ್ಲಿರುವ ಅಕ್ಕನಿಗೆ ಫೋನ್ ಮಾಡಿ ಸ್ಪೀಕರ್ ಹಾಕಿದೆ.

“ಲೇ ತಮ್ಮಾ, ನೀನ್ಯಾವಾಗ ಹೊಳಿಗೆ ಇಳಿದಿದ್ದೆ? ನೀರು ಕಂಡ್ರೆ ಅಪ್ಪನ ಪಂಚೆ ಹಿಡ್ಕಂತಿದ್ದೆ. ಮೀನು ಕಂಡಿದ್ದು ಅಪ್ಪ. ಮೊದ್ಲು ಮೊಳದುದ್ದ ಇತ್ತು, ಹೇಳ್ತಾ ಹೇಳ್ತಾ ಬೆಳೀತು!”

ಗಂಗವ್ವ ನಗಲಿಲ್ಲ. “ನಾಳೆ ಬಂದು ಇಷ್ಟೇ ಹೇಳ್ರಿ ಸಾಕು” ಎಂದರು.

ಹೋದೆ, ಹೇಳಿದೆ. ಮಡು ಬಿಡಿ ಎನ್ನುವ ಗುಂಪಿನ ಯಜಮಾನರು ಅಂಕಣದ ಇನ್ನೊಂದು ಪ್ರತಿ ಎತ್ತಿ ಹಿಡಿದರು. (ಅದಕ್ಕೂ ಲ್ಯಾಮಿನೇಷನ್!)

“ವಯಸ್ಸಾತು, ಸಾರ್‌ಗೆ ಮರ್ತೈತೆ. ಪೇಪರ್‌ನಾಗೆ ಬಂದಿದ್ದು ಸುಳ್ಳಾಗ್ತೈತೇನ್ರಿ?”

ಚಪ್ಪಾಳೆ ಬಿತ್ತು.

“ಯಜಮಾನ್ರೇ, ನಿಮ್ ಬಲೆ ಎಲ್ಲೈತೆ ಹೇಳ್ರಿ?” ಗಂಗವ್ವ ಕೇಳಿದರು.

“ಇವಳ ಬಲೆ ಪಕ್ಕದಾಗೇ, ಬೋರ್ಡು ದಾಟಿ ಕೆಳಗೆ!” ಹಿಂದಿನಿಂದ ಯಾರೋ ಕೂಗಿದರು. ಸಭೆಯೇ ನಕ್ಕಿತು. ಯಜಮಾನರು ಗಂಟಲು ಸರಿಮಾಡಿಕೊಂಡು ತೀರ್ಪು ಕೊಟ್ಟರು: “ತಪ್ಪಾಗಿದ್ರೆ ಅದೂ ಪೇಪರ್‌ನಾಗೇ ಬರ್ಲಿ. ಅಲ್ಲೀತನಕ ಬೋರ್ಡು ಕೀಳಂಗಿಲ್ಲ. ಮುಂದಿನ ವಾರ ನೋಡಾಣ.”

ಆದ್ದರಿಂದ ಬರೆಯುತ್ತಿದ್ದೇನೆ: ಆ ಮೀನನ್ನು ನಾನು ನೋಡಿಲ್ಲ.

ಗಂಗವ್ವ, ಇದಕ್ಕೂ ಲ್ಯಾಮಿನೇಷನ್ ಮಾಡಿಸ್ತೀರಲ್ಲ?