ನೆಲಕ್ಕೆ ತಟ್ಟದ ಕೈ

ಕೊರೋನಾ ಇಳಿದ ಮರುವರ್ಷ ನಾನು ರಾಮದುರ್ಗದಲ್ಲಿ ಎಲುಬು-ಕೀಲು ತಜ್ಞನಾಗಿದ್ದೆ. ಬೈಕಿನಿಂದ ಜಾರಿದವರು, ಕಬ್ಬಿನ ಟ್ರ್ಯಾಕ್ಟರಿನಿಂದ ಬಿದ್ದವರು ನನ್ನ ನಿತ್ಯದ ರೋಗಿಗಳು. ಹೊಡೆದಾಟವನ್ನೇ ವೃತ್ತಿ ಮಾಡಿಕೊಂಡ ಹೆಣ್ಣುಮಗಳೊಬ್ಬಳು ಅವರ ಸಾಲಿನಲ್ಲಿ ಬಂದು ಕೂರುತ್ತಾಳೆಂದು ನಾನು ಎಣಿಸಿರಲಿಲ್ಲ.

ಶಿವಲೀಲಾ ತೊರಗಲ್ಲಿನವಳು. ಅವಳಿಗೆ ಕುಸ್ತಿ ಕಲಿಸಿದವನು ಅಣ್ಣ ರುದ್ರಪ್ಪ. ಅಲ್ಲಿಂದ ಜೂಡೊ, ಆಮೇಲೆ ಮಿಕ್ಸೆಡ್ ಮಾರ್ಷಲ್ ಆರ್ಟ್ಸ್. ಈ ಆಟದಲ್ಲಿ ಗುದ್ದು, ಒದೆ, ಕುಸ್ತಿಯ ಪಟ್ಟು ಎಲ್ಲಕ್ಕೂ ಅವಕಾಶವಿದೆ. ಶಿವಲೀಲಾ ಗುದ್ದುವುದು ಕಡಿಮೆ. ಎದುರಾಳಿಯ ಕಾಲಿಗೆ ಕೈಹಾಕಿ ಕೆಡವಿ, ಬೆನ್ನೇರಿ, ಕುತ್ತಿಗೆಗೆ ತೋಳು ಸುತ್ತಿ ಬಿಗಿಯುತ್ತಿದ್ದಳು. ಹೀಗೆ ಸೋಲೊಪ್ಪಿಸುವುದಕ್ಕೆ ಸಬ್‌ಮಿಷನ್ ಎನ್ನುತ್ತಾರೆ. ತಾಳಲಾರದವರು ನೆಲಕ್ಕೋ ಎದುರಾಳಿಯ ಮೈಗೋ ಕೈಯಿಂದ ತಟ್ಟಬೇಕು, ಅದು ಟ್ಯಾಪ್. ತಟ್ಟಿದೊಡನೆ ರೆಫರಿ ಬಿಡಿಸುತ್ತಾನೆ. ರುದ್ರಪ್ಪ ಮೊಬೈಲಿನಲ್ಲಿ ತೋರಿಸಿದ ಆಟಗಳನ್ನೆಲ್ಲ ಅವಳು ಹಾಗೆಯೇ ಗೆದ್ದಿದ್ದಳು. ರೆಫರಿ ಬರುವ ಮೊದಲೇ ಹಿಡಿತ ಸಡಿಲಿಸಿ, ಸೋತವಳ ಬೆನ್ನು ಸವರುತ್ತಿದ್ದಳು.

"ರೊಟ್ಟಿ ಬಡಿಯೂವಾಗ ಬೆರಳು ಜುಮ್ ಅಂತಾವ್ರಿ" ಎಂದಳು. ಎಂಆರ್‌ಐ ಮಾಡಿಸಿದೆ. ಕುತ್ತಿಗೆಯ ಎಲುಬುಗಳ ನಡುವಿನ ಡಿಸ್ಕ್ ಹೊರಚಾಚಿ ಬೆನ್ನುಹುರಿಯನ್ನು ಒತ್ತುತ್ತಿತ್ತು.

"ಆಟ ಬಿಡು, ತಂಗಿ. ಕುತ್ತಿಗಿ ಒಮ್ಮೆ ಜೋರಾಗಿ ಹಿಂದಕ್ಕ ಮಣೀತಂದ್ರ ಕೈ ಹೋಗತಾವ."

ಅವಳು ನಕ್ಕಳು. "ನಾ ಹಿಡದ್ರ ಯಾರೂ ಬಿಡಿಸ್ಕೊಂಡಿಲ್ರಿ ಸರ್. ನನ್ನ ಕುತ್ತಿಗಿ ತನಕ ಯಾರ್ ಬರ್ತಾರ?"

ನಂತರ ಅವಳು ಬೇರೊಬ್ಬ ವೈದ್ಯರ ಬಳಿ ಹೋದಳು. ವ್ಯಾಯಾಮದಿಂದ ಸರಿಹೋಗುತ್ತದೆಂದು ಅವರು ಫಿಟ್‌ನೆಸ್ ಪ್ರಮಾಣಪತ್ರ ಕೊಟ್ಟರು. ನಾನು ಅವಳಿಗೆ ತಿಳಿಸಿಯೇ ಅವಳ ಮುಂದಿನ ಆಟದ ಸಂಘಟಕರಿಗೆ ಫೋನ್ ಮಾಡಿದೆ. "ಒಬ್ರು ಬ್ಯಾಡ ಅಂತೀರಿ, ಒಬ್ರು ಹೂಂ ಅಂತಾರ. ಅಕಿನ ಬ್ಯಾಡ ಅಂದ್ರ ನಿಲ್ಲಸ್ತೇವ್ರಿ" ಎಂದರು. ಅವಳು ಬೇಡ ಎನ್ನಲಿಲ್ಲ. ರುದ್ರಪ್ಪ ಆಸ್ಪತ್ರೆಗೆ ಬಂದು ಕೈಮುಗಿದ. "ನನ್ನ ಮಾತೂ ಕೇಳವಲ್ಲಳ್ರಿ. ನೀವರ ಬಂದು ಹತ್ರ ಇರ್ರಿ."

ಬೆಳಗಾವಿಯ ಒಂದು ಸಭಾಂಗಣದಲ್ಲಿ ಮಧ್ಯಾಹ್ನ ಆಟ. ತಂತಿಬಲೆಯ ಅಖಾಡದ ಹೊರಗೆ ರುದ್ರಪ್ಪನ ಪಕ್ಕ ಕುಳಿತೆ. ಅಲ್ಲಿ ನಾನು ಬರೀ ಪ್ರೇಕ್ಷಕ. ಆಟ ನಿಲ್ಲಿಸುವ ಅಧಿಕಾರ ರೆಫರಿಗೆ ಮಾತ್ರ.

ಶಿವಲೀಲಾ ಬೇಗನೇ ಎದುರಾಳಿಯನ್ನು ಕೆಡವಿದಳು. ಬೆನ್ನೇರಿ ಕುತ್ತಿಗೆಗೆ ತೋಳು ಸುತ್ತಿದಳು. ಜನ ಎದ್ದು ಕೂಗಿದರು. ಆದರೆ ಬಿಗಿಯಬೇಕಾದ ಬೆರಳುಗಳು ನಿಧಾನವಾಗಿ ಬಿಚ್ಚಿಕೊಂಡವು. ತಾನಿನ್ನೂ ಹಿಡಿದೇ ಇದ್ದೇನೆಂಬಂತೆ ಅವಳು ಹಲ್ಲು ಕಚ್ಚಿದ್ದಳು. ಎದುರಾಳಿ ನುಸುಳಿ ಅವಳ ಹಿಂದೆ ಬಂದು, ಗಂಟಲಿಗೆ ತೋಳು ಹಾಕಿ ತಲೆಯನ್ನು ಹಿಂದಕ್ಕೆಳೆದಳು. ಶಿವಲೀಲಾಳ ಎರಡೂ ಕೈ ಒದ್ದೆ ಬಟ್ಟೆಯಂತೆ ಜೋತುಬಿದ್ದವು.

"ಬಿಡಸ್ರಿ! ಅಕಿ ಕೈ ಏಳವಲ್ವು!" ಎಂದು ತಂತಿ ಬಡಿದು ಕೂಗಿದೆ. ಗದ್ದಲದಲ್ಲಿ ಕೇಳಿಸಲಿಲ್ಲ. ಸೋಲೊಪ್ಪಿದ್ದೇವೆ, ನಿಲ್ಲಿಸಿ ಎಂಬ ಸೂಚನೆಯಾಗಿ ರುದ್ರಪ್ಪ ಟವೆಲ್ ಎಸೆದ. ಅದು ಬಲೆಯ ಅಂಚಿಗೆ ಸಿಕ್ಕಿ ನೇತಾಡಿತು. ರೆಫರಿ ಬಗ್ಗಿ ಅವಳ ಕೈಗಳನ್ನೇ ನೋಡುತ್ತಿದ್ದ, ತಟ್ಟುತ್ತಾಳೇನೋ ಎಂದು. ಅವಳ ಕಣ್ಣು ಮೇಲೆ ತಿರುಗಿದ ಮೇಲೆ ಬಿಡಿಸಿದ.

ಒಳಗೆ ಓಡಿ ಅವಳ ತಲೆ ಅಲುಗದಂತೆ ಹಿಡಿದುಕೊಂಡೆ. ಎಚ್ಚರವಾದಾಗ ಕಾಲು ಆಡಿಸಿದಳು, ಕೈ ಆಡಿಸಲಾಗಲಿಲ್ಲ. ಹುಬ್ಬಳ್ಳಿಯಲ್ಲಿ ಶಸ್ತ್ರಚಿಕಿತ್ಸೆಯಾಯಿತು. ನಡೆಯುವುದಕ್ಕೆ ತೊಂದರೆಯಿಲ್ಲ. ತೋಳು ಭುಜದವರೆಗೆ ಏಳುತ್ತದೆ. ಬೆರಳು ಮಾತ್ರ ಇಂದಿಗೂ ಗುಂಡಿ ಹಾಕಲಾರವು.

ಶಸ್ತ್ರಚಿಕಿತ್ಸೆಯ ನಂತರ ಮೊದಲ ಸಲ ನನ್ನಲ್ಲಿಗೆ ತಪಾಸಣೆಗೆ ಬಂದಾಗ ರುದ್ರಪ್ಪ ಅವಳಿಗೆ ನೀರು ಕುಡಿಸಿದ. ಅವನು ಬಾಟಲಿ ತುಂಬಿಸಲು ಹೊರಗೆ ಹೋದಾಗ ಅವಳು ಮೆಲ್ಲಗೆ ಕೇಳಿದಳು: "ನಾ ಟ್ಯಾಪ್ ಮಾಡಾಕತ್ತಿದ್ನಲ್ರಿ ಸರ್. ಜೋರ್ ಜೋರ ಬಡದ್ನಿ. ಯಾಕ ಯಾರೂ ಬಿಡಸಲಿಲ್ಲ?"

ಬಡಿ ಎಂಬ ಅಪ್ಪಣೆ ಕೈಗೆ ತಲುಪಲೇ ಇಲ್ಲವೆಂದು ಬೆನ್ನುಹುರಿಯ ಚಿತ್ರ ತೋರಿಸಿ ವಿವರಿಸಬಹುದಿತ್ತು. ನನ್ನಿಂದಾಗಲಿಲ್ಲ. "ನೀ ಬಡದಿದ್ದಿ, ತಂಗಿ. ನಮಗ ಕಾಣಲಿಲ್ಲ" ಎಂದೆ.

ಕಂಡದ್ದನ್ನು ರೋಗಿಗೆ ಹೇಳಿಬಿಟ್ಟರೆ ವೈದ್ಯನ ಕೆಲಸ ಮುಗಿಯಿತೆಂದು ಅಲ್ಲಿಯವರೆಗೆ ತಿಳಿದಿದ್ದೆ. ಹೇಳಿದ್ದೇ ನಡೆದುಹೋದ ಮೇಲೆ, ಹೇಳಿದ್ದೆನಲ್ಲ ಎನ್ನದೆ ಅವರ ಪಕ್ಕದಲ್ಲಿ ಕೂರುವುದೂ ಆ ಕೆಲಸದಲ್ಲೇ ಸೇರಿದೆ. ಅದನ್ನು ಶಿವಲೀಲಾಳ ಪಕ್ಕ ಕುಳಿತು ಕಲಿತೆ.