ಹದ ಹೇಳುವ ಕೈ

ಬೆಲ್ಲ ಮಾಡುವವನಿಗೇ ಸಕ್ಕರೆ ಕಾಯಿಲೆ ಬರಬೇಕೇ? ಊರವರು ಕೇಳಿದ್ದರೆ ಬಿದ್ದು ಬಿದ್ದು ನಗುತ್ತಿದ್ದರು. ಅದಕ್ಕೇ ಗಿರಮಲ್ಲಪ್ಪ ಊರವರಿಗೆ ಹೇಳಿರಲಿಲ್ಲ.

ಮುಧೋಳದಿಂದ ಗಲಗಲಿಗೆ ಹೋಗುವ ದಾರಿಯಲ್ಲಿ ಹಾಲಸಿದ್ದಪ್ಪನ ಗಾಣದಮನೆ ಇದೆ. ಅಲ್ಲಿ ಇಪ್ಪತ್ತೆರಡು ವರ್ಷದಿಂದ ಹದ ಹೇಳುವವನು ಗಿರಮಲ್ಲಪ್ಪನೇ. ಕೊಪ್ಪರಿಗೆಯಲ್ಲಿ ಕುದಿಯುವ ಪಾಕವನ್ನು ತುಸು ತೆಗೆದು, ತಣ್ಣೀರಿನಲ್ಲಿ ಅದ್ದಿ, ಬೆರಳ ತುದಿಯಲ್ಲಿ ಉಂಡೆ ಮಾಡಿ ಒತ್ತಿ ನೋಡಬೇಕು. ಮೆತ್ತಗಿದ್ದರೆ ಇನ್ನೂ ಕುದಿಯಲಿ. ಗಟ್ಟಿ ಬಂತೋ, ಆ ಕ್ಷಣವೇ ಇಳಿಸಬೇಕು. ಒಂದಿಷ್ಟು ಹಿಂದುಮುಂದಾದರೆ ಬೆಲ್ಲ ಅಂಟಂಟಾಗಿ ಹರಿಯುತ್ತದೆ, ಇಲ್ಲವೇ ಸೀದು ಕರ್ರಗಾಗುತ್ತದೆ. ಅವನು ಕೈ ಎತ್ತಿ "ಇಳಸ್ರಿ" ಎಂದರೆ ನಾಲ್ಕು ಆಳುಗಳು ಎರಡನೇ ಮಾತಿಲ್ಲದೆ ಕೊಪ್ಪರಿಗೆಗೆ ಕೈ ಹಾಕುತ್ತಿದ್ದರು.

ದೀಪಾವಳಿ ಮುಗಿದ ಮೇಲೆ ಒಂದು ದಿನ ನೋಡಿಕೊಂಡರೆ ಹೆಬ್ಬೆರಳಿನ ಮೇಲೆ ದೊಡ್ಡ ಬೊಬ್ಬೆ. ಯಾವಾಗ ಸುಟ್ಟಿತೋ ಅವನಿಗೇ ಗೊತ್ತಿಲ್ಲ. ಜಮಖಂಡಿಯ ಡಾಕ್ಟರು ಬೆರಳ ತುದಿಗೆ ಸೂಜಿ ಚುಚ್ಚಿ, ಅವನು ಸುಮ್ಮನೆ ಕೂತದ್ದನ್ನು ಕಂಡು ತಲೆ ಅಲ್ಲಾಡಿಸಿದರು. "ಶುಗರ್ ಬೆರಳಿನ ನರಾ ತಿಂದೈತ್ರಿ. ಹೋದ ಸ್ಪರ್ಶ ಹೊಳ್ಳಿ ಬರೂದಿಲ್ಲ. ಬೆಂಕಿ ಬಾಜೂ ಕೆಲಸ ಬಿಡ್ರಿ."

ಹೆಂಡತಿ ಶೇವಂತಿ ದಿನಾ ಬೆಳಿಗ್ಗೆ ರೊಟ್ಟಿ ಕಟ್ಟುವಾಗ ಕೇಳುತ್ತಿದ್ದಳು: "ಸಾವ್ಕಾರ್ಗ ಹೇಳಿದ್ರೇನು?" ದಿನಾ ಅವನದು ಒಂದೇ ಉತ್ತರ: "ನಾಳೆ." ಬೆರಳು ಸತ್ತ ಹದಗಾರನನ್ನು ಯಾರು ಇಟ್ಟುಕೊಂಡಾರು? ಆ ಹೆದರಿಕೆಗೆ ಅನ್ನ ಸೇರುತ್ತಿರಲಿಲ್ಲ.

ಅಷ್ಟರಲ್ಲಿ ಒಂದು ಕೊಪ್ಪರಿಗೆ ಕೆಟ್ಟಿತು. ಕಬ್ಬೇ ಸರಿ ಇರಲಿಲ್ಲ ಎಂದು ಸುಳ್ಳು ಹೇಳಿ ಪಾರಾದ. ಮರುದಿನ ಒಲೆಗೆ ಕಬ್ಬಿನ ಸಿಪ್ಪೆ ಹಾಕುವ ಸಿದ್ದಕ್ಕ, ನೀರು ಕುಡಿಯುವ ನೆವ ಮಾಡಿಕೊಂಡು ಕೊಪ್ಪರಿಗೆಯ ಕಟ್ಟೆ ಹತ್ತಿ ಬಂದಳು. ಅವನ ಕೈಯಲ್ಲಿದ್ದ ಉಂಡೆಯನ್ನು ತೆಗೆದುಕೊಂಡು ಒತ್ತಿ, ಮೆಲ್ಲಗೆ ಅಂದಳು: "ಇನ್ನೊಂದೀಟ ತಡೀ ಯಣ್ಣಾ." ಒಂಬತ್ತು ವರ್ಷ ಒಲೆಯ ಮುಂದೆ ಕೂತವಳು ಅವನ ಕೈಯನ್ನೇ ನೋಡುತ್ತ ಹದ ಕಲಿತಿದ್ದಳು. ಅಂದಿನಿಂದ ಎರಡು ತಿಂಗಳು ಹೀಗೇ ನಡೆಯಿತು. ಬೆರಳು ಅವಳದು, ಹೆಸರು ಇವನದು.

ಕೊನೆಗೆ ಕಾಲಿನ ಬೆರಳೂ ಜೋಮು ಹಿಡಿದು, ಕೊಪ್ಪರಿಗೆಯ ಕಟ್ಟೆಯ ಮೇಲೆ ಒಮ್ಮೆ ತಡವರಿಸಿದ. ಕುದಿಯುವ ಪಾಕ ಗೇಣು ದೂರದಲ್ಲಿತ್ತು. ಅವತ್ತೇ ಬೆವರೊರೆಸಿಕೊಂಡು, ಕಟ್ಟೆಯ ಬಳಿಗೆ ಬಂದ ಸಾವ್ಕಾರ ಹಾಲಸಿದ್ದಪ್ಪನ ಮುಂದೆ ನಿಂತ.

"ಸಾವ್ಕಾರ್ರ, ಮೈಯಾಗ ಛಲೋ ಇಲ್ರಿ. ಶುಗರ್ ಐತಿ. ನೆಳ್ಳಾಗ ಕೂತು ಪೆಂಟಿಗೆ ಅರಿವಿ ಸುತ್ತೂ ಕೆಲಸ ಕೊಡ್ರಿ."

ಪೆಂಟಿಗೆ, ಎಂದರೆ ಬೆಲ್ಲದ ದೊಡ್ಡ ಅಚ್ಚಿಗೆ, ಬಟ್ಟೆ ಸುತ್ತುವುದು ಅಲ್ಲಿ ಮುದುಕಿಯರ ಕೆಲಸ. ಹಾಲಸಿದ್ದಪ್ಪ ನಕ್ಕ. "ಏನ್ ಗಿರಮಲ್ಲಣ್ಣಾ, ನಿನ್ನ ಹೆಸರ ಮ್ಯಾಲ ನಮ್ಮ ಬೆಲ್ಲ ಮಾರಾಟ ಆಗತೈತಿ. ಕಟ್ಟಿ ಬಾಜೂಕ ಕುರ್ಚಿ ಹಾಕಸ್ತೇನಿ. ಕೂತು ಹದಾ ಅಷ್ಟ ಹೇಳು. ಉಳದದ್ದ ಆಳು ಮಾಡ್ತಾವು."

ಕೇಳಿದ್ದು ನೆರಳು, ಸಿಕ್ಕಿದ್ದು ಕುರ್ಚಿ. ಹೂಂ ಎಂದರೆ ಮುಗಿಯಿತು, ಮಾನವೂ ಉಳಿಯಿತು. ಕೆಳಗೆ ಸಿದ್ದಕ್ಕ ಸಿಪ್ಪೆ ತಳ್ಳುತ್ತಿದ್ದಳು. ಹೊಗೆಗೆ ಅವಳ ಕಣ್ಣು ಕೆಂಡವಾಗಿತ್ತು. ಎಲ್ಲ ಕೇಳಿಸಿದ್ದರೂ ತಲೆ ಎತ್ತಲಿಲ್ಲ. ಗಿರಮಲ್ಲಪ್ಪ ಅವಳನ್ನೇ ನೋಡಿದ. ತಾನು ಕುರ್ಚಿಯಲ್ಲಿ ಕೂತರೆ ಅವಳು ಆ ಒಲೆಯ ಬಾಯಲ್ಲೇ ಮುದುಕಿಯಾಗುತ್ತಾಳೆ.

"ಹದಾ ನಾ ಹೇಳಾಕತ್ತಿಲ್ರಿ," ಎಂದುಬಿಟ್ಟ. "ಬೆರಳ ಸತ್ತು ಎರಡ ತಿಂಗಳಾತು. ಹೇಳಾಕತ್ತಾಕಿ ಸಿದ್ದಕ್ಕ."

ಹಾಲಸಿದ್ದಪ್ಪನ ಮುಖ ಬಿಗಿಯಿತು. "ಎರಡ ತಿಂಗಳ ನನ್ನ ಕಣ್ಣಿಗೆ ಮಣ್ಣ ಎರಚಿದ್ಯಾ? ಹೆಣ್ಮಗಳು ಹದಾ ಹೇಳ್ತಾಳಾ? ನೋಡೇ ಬಿಡೂಣು. ಕೊಪ್ಪರಿಗಿ ಕೆಟ್ಟರ ಇಬ್ರೂ ಮನಿ ಹಾದಿ ಹಿಡೀರಿ."

ಸಿದ್ದಕ್ಕ ಕೈ ತೊಳೆದು ಕಟ್ಟೆ ಹತ್ತಿದಳು. ಮೊದಲ ಉಂಡೆ ಒತ್ತಿದಳು, ಇಲ್ಲ. ಎರಡನೆಯದು, ಇಲ್ಲ. ಮೂರನೆಯದಕ್ಕೆ ಅವಳು ಕೈ ಎತ್ತಿದಳು. "ಇಳಸ್ರಿ."

ಆಳುಗಳು ಅಲುಗಲಿಲ್ಲ. ನಾಲ್ವರೂ ಗಿರಮಲ್ಲಪ್ಪನ ಕೈಯನ್ನೇ ನೋಡುತ್ತಿದ್ದರು. ರೂಢಿಯಂತೆ ಅದು ಮೇಲೇಳತೊಡಗಿತು. ಅವನು ಎರಡೂ ಕೈ ಬೆನ್ನ ಹಿಂದೆ ಹಾಕಿ, ಎಡಗೈಯಿಂದ ಬಲಗೈ ಬೆರಳುಗಳನ್ನು ಹಿಸುಕಿ ಹಿಡಿದು ಕೂಗಿದ: "ನನ್ನೇನ್ ನೋಡ್ತೀರಲೇ? ಅಕಿ ಹೇಳ್ಯಾಳಲ್ಲ!"

ಕೊಪ್ಪರಿಗೆ ಇಳಿಯಿತು. ಪಾಕ ಆರಿ, ಹೊಂಬಣ್ಣದ ಪೆಂಟಿಯಾಗಿ ನಿಂತಿತು. ಹಾಲಸಿದ್ದಪ್ಪ ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡ. ಒಲೆಗೆ ಬೇರೆ ಆಳು ಹುಡುಕಲು ಹೇಳಿದ. ಆಮೇಲೆ ಗಿರಮಲ್ಲಪ್ಪನ ಮುಖ ನೋಡದೆ ಅಂದ: "ನಾಳಿಂದ ಅರಿವಿ ಸುತ್ತಾಕ ಕುಂದ್ರು."

ಗಿರಮಲ್ಲಪ್ಪ ಆಗ ಕೈ ಬಿಡಿಸಿ ಮುಂದಕ್ಕೆ ತಂದ. ಬಲಗೈ ಬೆರಳುಗಳಲ್ಲಿ ಉಗುರು ಊರಿ ರಕ್ತ ಜಿನುಗಿತ್ತು. ಅವನಿಗೆ ಗೊತ್ತೇ ಆಗಿರಲಿಲ್ಲ.